ಮೊದಲು ಥರ್ಮೋಸ್ಟಾಟ್, ಆಮೇಲೆ ಹೀಟರ್

ಕೇಳುಗರಿಗೆ ನಮಸ್ಕಾರ. ಹಾವು ಸಾಕಿದವರು ಪಶುವೈದ್ಯನಾದ ನನ್ನನ್ನು ಕೇಳುವುದು ಒಂದೇ: "ಡಾಕ್ಟ್ರೇ, ಗೂಡಿಗೆ ಯಾವ ಹೀಟರ್ ಹಾಕ್ಲಿ?" ನಾನು ಹೇಳುವುದೂ ಒಂದೇ: ಮೊದಲು ಥರ್ಮೋಸ್ಟಾಟ್ ತನ್ನಿ, ಅಂದರೆ ಬಿಸಿ ಮಿತಿ ಮೀರದಂತೆ ಹೀಟರನ್ನು ತಾನೇ ಹತೋಟಿಯಲ್ಲಿಡುವ ಸಾಧನ. ಹೀಟರ್ ಮಾತು ಆಮೇಲೆ.

ಹಾವಿನ ಮೈಯೊಳಗೆ ಒಲೆಯಿಲ್ಲ. ಬಿಸಿ ಬೇಕಾದಾಗ ಬೆಚ್ಚಗಿರುವಲ್ಲಿಗೆ ಹೋಗುತ್ತದೆ, ಸಾಕಾದರೆ ತಂಪಿಗೆ ಸರಿಯುತ್ತದೆ. ಬಾಲ್ ಪೈಥಾನ್ ಎಂಬ ಸಾಕು ಹೆಬ್ಬಾವಾದರೆ ಗೂಡಿನ ಒಂದು ತುದಿ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇನ್ನೊಂದು 25 ಇರಲಿ. ಬಿಸಿ ಸಾಲದಿದ್ದರೆ ನುಂಗಿದ ಇಲಿ ಅರಗದೆ ಹೊರಗೆ ಬರುತ್ತದೆ.

ಹೆಚ್ಚಾದರೆ? ಒಬ್ಬರು ತಮ್ಮ ಬಾಲ್ ಪೈಥಾನನ್ನು ದಿಂಬಿನ ಚೀಲದಲ್ಲಿ ತಂದರು. ಮೂರು ವಾರದಿಂದ ತಿಂದಿಲ್ಲವಂತೆ. ಮಗುಚಿ ನೋಡಿದರೆ ಹೊಟ್ಟೆಯ ಹುರುಪೆಗಳು ಗೇಣುದ್ದ ಕಂದುಗಟ್ಟಿ ಬೊಬ್ಬೆ ಎದ್ದಿವೆ. ಸುಟ್ಟಗಾಯ ಎಂದೆ. ಒಪ್ಪಲೇ ಇಲ್ಲ. "ಮೀಟರ್ 30 ತೋರಿಸ್ತಿದೆ ಸಾರ್" ಅಂತ ಫೋಟೋ ಮುಂದಿಟ್ಟರು. ಮೀಟರ್ ಎಲ್ಲಿತ್ತು? ಗಾಜಿನ ಗೋಡೆಯ ಮೇಲ್ತುದಿಯಲ್ಲಿ. ಹಾವು ಮಲಗುವುದು ನೆಲದಲ್ಲಿ ತಾನೇ! ಹೀಟ್ ಮ್ಯಾಟ್, ಅಂದರೆ ಗೂಡಿನ ತಳಕ್ಕೆ ಹಾಸುವ ಬಿಸಿ ಹಾಳೆ, ಅದರ ಮೇಲಿನ ನೆಲವನ್ನೇ ಅಳೆಯಿರಿ ಎಂದು ಕಳಿಸಿದೆ. ಸಂಜೆ ಫೋನ್ ಬಂತು, ದನಿ ಇಳಿದಿತ್ತು: 51. ಥರ್ಮೋಸ್ಟಾಟ್? "ಮ್ಯಾಟ್ ಚಿಕ್ಕದಲ್ವಾ, ಬೇಡ ಅಂದ್ಕೊಂಡೆ." ಸುಡುತ್ತಿದ್ದರೆ ಸರಿದು ಹೋಗಬಾರದಿತ್ತೇ ಅಂತೀರಿ. ಅಡಗುವ ಡಬ್ಬಿ ಇದ್ದದ್ದು ಆ ಮ್ಯಾಟ್ ಮೇಲೇ. ಬಯಲಿಗೆ ಬರುವುದಕ್ಕೆ ಹೆದರುವ ಪ್ರಾಣಿ, ಅಲ್ಲೇ ಸುರುಳಿ ಸುತ್ತಿ ಕೂತಿತು. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಗಾಯ ಮಾಗಿತು, ಕಲೆ ಉಳಿಯಿತು.

ಅಯ್ಯೋ, ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಹಗಲಿಗೆ ಹ್ಯಾಲೊಜೆನ್ ಬಲ್ಬ್ ಒಳ್ಳೆಯದು, ಬಿಸಿಲಿನ ಹಾಗೆ ಮೇಲಿನಿಂದ ಕಾಯಿಸುತ್ತದೆ. ರಾತ್ರಿಗೆ ಬೆಳಕು ಕೊಡದ ಸೆರಾಮಿಕ್ ಹೀಟರ್. ಗೂಡಿನ ಒಳಗಿದ್ದರೆ ಎರಡಕ್ಕೂ ತಂತಿ ಜಾಲರಿ ಬೇಕು, ಎರಡಕ್ಕೂ ಥರ್ಮೋಸ್ಟಾಟ್ ಬೇಕು. ಬಲ್ಬಿಗೆ ಬೆಳಕನ್ನು ಮೆಲ್ಲಗೆ ಏರಿಸಿ ಇಳಿಸುವ ಡಿಮ್ಮಿಂಗ್ ಬಗೆಯ ಥರ್ಮೋಸ್ಟಾಟೇ ಆಗಬೇಕು, ಇಲ್ಲದಿದ್ದರೆ ದಿನವಿಡೀ ಹತ್ತಿ ಆರಿ ಮಾಡುತ್ತದೆ. ಹೀಟ್ ಮ್ಯಾಟ್? ಇಡಿ, ಆದರೆ ನೆಲದ ಮೂರನೇ ಒಂದು ಪಾಲಿಗಷ್ಟೇ, ಥರ್ಮೋಸ್ಟಾಟ್ ಜೊತೆಗಷ್ಟೇ. ಬಿಸಿ ಕಲ್ಲು ಅಂತ ಕರೆಂಟಿನಿಂದ ಕಾಯುವ ಒಂದು ಕಲ್ಲು ಮಾರುತ್ತಾರಲ್ಲ, ಅದನ್ನು ಬಿಸಾಕಿ.

ಥರ್ಮೋಸ್ಟಾಟಿನ ಸೆನ್ಸರ್ ಬಿಸಿ ಜಾಗದಲ್ಲೇ ಕದಲದಂತಿರಲಿ. ಹಾವು ಅದನ್ನು ತಂಪಿನ ಕಡೆಗೆ ತಳ್ಳಿದರೆ ಹೀಟರ್ ನಿಲ್ಲದೆ ಉರಿಯುತ್ತದೆ. ಅದಕ್ಕೆಂದು ಗೂಡಿನೊಳಗೆ ಅಂಟು ಟೇಪ್ ಹಚ್ಚಬೇಡಿ, ಹಾವಿನ ಚರ್ಮಕ್ಕೆ ಅಂಟಿದ ಟೇಪ್ ಬಿಡಿಸುವುದು ಸುಟ್ಟಗಾಯಕ್ಕೆ ಮದ್ದು ಹಚ್ಚುವುದಕ್ಕಿಂತ ಕಷ್ಟದ ಕೆಲಸ. ನಮಸ್ಕಾರ.