ಅಪ್ಪನ ಹಾಗೇ ತುಳಿದು ಬೆಟ್ಟ ಹತ್ತಿದೆ

ನಮಸ್ಕಾರ. ಬೆಳಗ್ಗೆ ಆರು ಗಂಟೆ, ಮೈಸೂರಿನ ಕುವೆಂಪುನಗರ. ಇವತ್ತು ಇ-ಸೈಕಲ್‌ನಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತಿದ್ದೇನೆ. ನನಗೋಸ್ಕರ ಅಲ್ಲ, ಅಪ್ಪನಿಗೋಸ್ಕರ. ಆಷಾಢ ಶುಕ್ರವಾರ ಬಂದರೆ ಸಾವಿರ ಮೆಟ್ಟಿಲು ಹತ್ತಿಯೇ ತಾಯಿಯ ದರ್ಶನ ಮಾಡುತ್ತಿದ್ದವರು ಅವರು. ಮಂಡಿ ನೋವು ಶುರುವಾದ ಮೇಲೆ ಮೆಟ್ಟಿಲೂ ನಿಂತಿತು, ಸೈಕಲ್ಲೂ ನಿಂತಿತು. ಹಾಗಾಗಿ ಇವತ್ತು ಅವರು ತುಳಿಯಬಹುದಾದ ಹಾಗೇ ನಾನೂ ತುಳಿಯುತ್ತೇನೆ. ಮೆಲ್ಲಗೆ, ಮಂಡಿಗೆ ಭಾರ ಬೀಳದಂತೆ. ಬ್ಯಾಟರಿ ಎಲ್ಲಿವರೆಗೆ ಬರುತ್ತದೆ ನೋಡೋಣ.

ಹೋದ ತಿಂಗಳು ಒಂದ್ಸಲ ಹೋಗಿದ್ದೆ. ಹಿಂದಿನ ದಿನ ಊರೆಲ್ಲ ಸುತ್ತಿ, ರಾತ್ರಿ ಚಾರ್ಜ್‌ಗೆ ಹಾಕಿರಲಿಲ್ಲ. ತುಳಿಯದೆ ಬರೀ ಎಕ್ಸಿಲರೇಟರ್ ತಿರುಗಿಸಿಕೊಂಡೇ ಹೊರಟೆ. ಅರ್ಧ ಏರಿನಲ್ಲಿ ಮೋಟಾರ್ ನಿಂತಿತು. 22 ಕೆಜಿ ಸೈಕಲ್ಲನ್ನು ಮೇಲಿನವರೆಗೂ ತಳ್ಳಿದೆ. ಅಪ್ಪನಿಗೆ ಹಾಗಾಗಬಾರದು, ಅಲ್ವಾ?

ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಬ್ಯಾಟರಿ 36 ವೋಲ್ಟ್, 10.4 ಆಂಪಿಯರ್-ಅವರ್. ಗುಣಿಸಿದರೆ ಸುಮಾರು 374 ವ್ಯಾಟ್-ಅವರ್. ಇರುವುದು ಇಷ್ಟೇ. ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ. ನಾನು, ಸೈಕಲ್, ಬ್ಯಾಗ್ ಸೇರಿ 100 ಕೆಜಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಸುಮಾರು 82 ವ್ಯಾಟ್-ಅವರ್ ಬೇಕು. ಮೋಟಾರ್ ಬಿಸಿಯಾಗಿ ಕಳೆಯುವುದನ್ನು ಸೇರಿಸಿದರೆ ನೂರು ದಾಟುತ್ತದೆ. ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ ಬ್ಯಾಟರಿ ಆ ಏರಿಗೇ ಬೇಕು. ನಮ್ಮ ಕಾಲಿನ ಬಲ ಎಷ್ಟು ಸೇರುತ್ತದೋ ಅಷ್ಟು ಬ್ಯಾಟರಿ ಉಳಿತಾಯ.

ಈ ಪೆಡಲ್ ಪಕ್ಕ ಒಂದು ಕಪ್ಪು ಬಿಲ್ಲೆ ಇದೆ, ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಒಳಗೆ ಪುಟ್ಟ ಪುಟ್ಟ ಅಯಸ್ಕಾಂತಗಳು. ಪೆಡಲ್ ತಿರುಗಿದರೆ ಮೋಟಾರ್ ಆನ್, ನಿಂತರೆ ಆಫ್. ಎಷ್ಟು ಬಲ ಹಾಕಿದಿರಿ ಅನ್ನೋದು ಇದಕ್ಕೆ ತಿಳಿಯುವುದಿಲ್ಲ. ಸುಮ್ನೆ ಕಾಲಾಡಿಸಿದರೂ ಓಡುತ್ತದೆ, ಆದರೆ ಪೂರ್ತಿ ಭಾರ ಬ್ಯಾಟರಿ ಮೇಲೆ. ಟಾರ್ಕ್ ಸೆನ್ಸರ್ ಇರುವ ಸೈಕಲ್ ಕಾಲಿನ ಒತ್ತಡ ಅಳೆದು ಅದಕ್ಕೆ ತಕ್ಕಷ್ಟು ಕೊಡುತ್ತದೆ. ಬೆಲೆ ಜಾಸ್ತಿ, ಆದರೆ ಮಂಡಿ ನೋವಿರುವವರು ಎರಡನ್ನೂ ಓಡಿಸಿ ನೋಡಿಯೇ ತೆಗೆದುಕೊಳ್ಳಿ.

ಊರೊಳಗೆ ಪೂರ್ತಿ ಮೋಟಾರ್ ಸಹಾಯ ಒಂದನೇ ಲೆವೆಲ್‌ನಲ್ಲಿ, ಅಂದರೆ ತೀರಾ ಕಡಿಮೆ. ವೇಗ ಗಂಟೆಗೆ 16, 17 ಕಿ.ಮೀ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಐದು ನಿಮಿಷ ಮುಂಚೆ ತಲುಪಲು ಆ ಚಾರ್ಜ್ ಸುರಿಯುವುದು ಬೇಡ.

ಬೆಟ್ಟದ ಬುಡದ ತಾವರೆಕಟ್ಟೆ ಬಂತು. ಏರು ಶುರುವಾಗುವ ಮೊದಲೇ ಗೇರ್ ಇಳಿಸುತ್ತಿದ್ದೇನೆ. ನನ್ನ ಮೋಟಾರ್ ಹಿಂದಿನ ಚಕ್ರದೊಳಗೇ ಇದೆ. ಗೇರ್ ಬದಲಿಸಿದರೆ ಮೋಟಾರಿಗೆ ನೇರವಾಗಿ ಏನೂ ಸಿಗುವುದಿಲ್ಲ, ಹಗುರವಾಗುವುದು ಕಾಲಿಗೆ. ಕಾಲು ಹಗುರವಾಗಿ ತಿರುಗುತ್ತಿದ್ದರೆ ಚಕ್ರದ ವೇಗ ಬೀಳುವುದಿಲ್ಲ. ಚಕ್ರ ತೀರಾ ನಿಧಾನವಾಯಿತೋ, ಕರೆಂಟೆಲ್ಲ ಬಿಸಿಯಾಗಿ ಹೋಗುತ್ತದೆ. ಈಗ ಮೂರನೇ ಲೆವೆಲ್. ಉಸಿರು ಏರಿದೆ, ಆದರೆ ಮಾತಾಡಬಲ್ಲೆ. ಮಂಡಿ ಆರಾಮಾಗಿದೆ.

ಇಲ್ಲಿ ನೋಡಿ, ಡಿಸ್‌ಪ್ಲೇನಲ್ಲಿ ಐದು ಕಡ್ಡಿ ಇದ್ದದ್ದು ಎರಡಾಯಿತು. ಹೋದ ಸಲವಾಗಿದ್ದರೆ ಹೆದರುತ್ತಿದ್ದೆ. ಈ ತಿರುವಿನಲ್ಲಿ ನಿಲ್ಲಿಸುತ್ತೇನೆ. ಕೆಳಗೆ ಮಂಜು, ಮಂಜಿನ ನಡುವೆ ಬೆಳ್ಳಗೆ ಲಲಿತಮಹಲ್. ಎರಡು ನಿಮಿಷ ಆಯಿತು. ಕಡ್ಡಿ ಮತ್ತೆ ನಾಲ್ಕು! ಜೋರಾಗಿ ಕರೆಂಟ್ ಎಳೆಯುವಾಗ ವೋಲ್ಟೇಜ್ ಕುಸಿಯುತ್ತದೆ, ಬಿಟ್ಟರೆ ಮೇಲೇಳುತ್ತದೆ. ಅದಕ್ಕೇ ಏರಿನಲ್ಲಿ ಕಡ್ಡಿ ಎಣಿಸಬೇಡಿ. ನಿಂತು, ಸುಧಾರಿಸಿಕೊಂಡು ನೋಡಿ.

ಮಹಿಷಾಸುರನ ಪ್ರತಿಮೆ ಹತ್ತಿರ ಬಂದಾಗ ಮೂರು ಕಡ್ಡಿ ಉಳಿದಿತ್ತು. ತಾಯಿಗೆ ಕೈ ಮುಗಿದು ಇಳಿದೆ. ಇಳಿಜಾರಿನಲ್ಲಿ ಚಾರ್ಜ್ ಆಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ಸೈಕಲ್ಲಿನ ಹಾಗೆ ಚಕ್ರದೊಳಗಿದ್ದು, ತನ್ನೊಳಗೇ ಗೇರ್ ಇರುವ ಹಬ್ ಮೋಟಾರಿನಲ್ಲಿ ಆಗುವುದಿಲ್ಲ. ಆದರೆ ಖರ್ಚೂ ಇಲ್ಲ. ಎರಡೂ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯಿರಿ, ಅಷ್ಟೇ.

ಮನೆ ಮುಟ್ಟಿದಾಗಲೂ ಎರಡು ಕಡ್ಡಿ ಇತ್ತು. ಬ್ಯಾಟರಿ ಇನ್ನೂ ಬೆಚ್ಚಗಿತ್ತು, ಆರಲಿ ಅಂತ ಚಾರ್ಜರ್ ಹಾಕಲಿಲ್ಲ. ಕಾಫಿ ಕುಡಿದು ಹೊರಗೆ ಬಂದು ನೋಡಿದರೆ, ಅಪ್ಪ ಸೀಟನ್ನು ತಮ್ಮ ಎತ್ತರಕ್ಕೆ ಇಳಿಸಿ, ಪಂಪ್ ಹಿಡಿದು ಹಿಂದಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.