80,000 ಡಾಲರ್ ಸಾಲ ಹೊತ್ತ ಕವಯಿತ್ರಿ: ನ್ಯೂ ಆರ್ಲಿಯನ್ಸ್‌ನ ಪರ್ಲ್ ರಿವರ್ಸ್

ನಮಸ್ಕಾರ. 1876, ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸ್. ಗಂಡ ತೀರಿಕೊಂಡ. ಉಳಿದದ್ದು ಅವನ ದಿನಪತ್ರಿಕೆ ‘ಪಿಕಯೂನ್’, ಅದರ ತಲೆಯ ಮೇಲೆ 80,000 ಡಾಲರ್ ಸಾಲ. ದಿವಾಳಿ ಘೋಷಿಸಿ ಕೈತೊಳೆದುಕೊಳ್ಳುವ ದಾರಿ ಆ ವಿಧವೆಗೆ ಇತ್ತು. ಪದ್ಯ ಬರೆಯುವ ಆ ಹೆಣ್ಣುಮಗಳು ಪತ್ರಿಕೆಯನ್ನೇ ನಡೆಸುತ್ತೇನೆ ಅಂತ ಕೂತಳು. ಹೇಗೆ ದಡ ಸೇರಿಸಿದಳು?

[ಪರದೆಯಲ್ಲಿ: ಮಿಸಿಸಿಪ್ಪಿ, ಪರ್ಲ್ ನದಿಯ ನಕ್ಷೆ]

ಹಿನ್ನೆಲೆ ಚುಟುಕಾಗಿ ಹೇಳಿಬಿಡ್ತೀನಿ. ಹೆಸರು ಎಲೈಜಾ ಜೇನ್. ಊರ ನದಿಯಿಂದ ಬಂದ ಕಾವ್ಯನಾಮ ‘ಪರ್ಲ್ ರಿವರ್ಸ್’. ಇದೇ ಪತ್ರಿಕೆಯಲ್ಲಿ ಸಾಹಿತ್ಯ ಸಂಪಾದಕಿ, ವಾರಕ್ಕೆ 25 ಡಾಲರ್ ಸಂಬಳ. 1872ರಲ್ಲಿ ಮಾಲೀಕ ಹಾಲ್‌ಬ್ರೂಕ್ ಜೊತೆ ಮದುವೆ. ಮರುವರ್ಷ ಕವನ ಸಂಕಲನ.

ಚುಕ್ಕಾಣಿ ಹಿಡಿದ ಮೇಲೆ ಸಿಬ್ಬಂದಿಯನ್ನು ಕರೆದು, ಹೆಂಗಸಿನ ಕೈಕೆಳಗೆ ಕೆಲಸ ಮಾಡೋಕೆ ಮನಸ್ಸಿಲ್ಲದವರು ಹೋಗಬಹುದು ಅಂದಳಂತೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನದು. 1879ರಲ್ಲಿ ‘ಸೊಸೈಟಿ ಬೀ’ ಅನ್ನೋ ಅಂಕಣ ಶುರು. ಯಾರ ಮನೆಯಲ್ಲಿ ಔತಣ, ಯಾರು ಯಾವ ಬಟ್ಟೆ ತೊಟ್ಟಿದ್ದರು, ಇವೇ ಸುದ್ದಿ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳ ಹೆಸರು ಪೇಪರಿನಲ್ಲಿ ಬರುವುದೇ? ದೊಡ್ಡ ಮನೆತನಗಳು ಸಿಡಿಮಿಡಿಗೊಂಡವು. ಅಂಕಣ ನಿಲ್ಲಲಿಲ್ಲ. ಹೆಂಗಸರಿಗೆ ಪುಟ, ಮಕ್ಕಳಿಗೆ ಪುಟ ಬಂದವು. ಹವಾಮಾನ ಹೇಳೋಕೆ ಒಂದು ಕಪ್ಪೆಯೂ ಬಂತು! ಆವತ್ತಿನ ಹವೆಗೆ ತಕ್ಕ ಉಡುಪು ತೊಟ್ಟ ಕಪ್ಪೆಯ ಚಿತ್ರ. ಓದು ಬಾರದ ಮಗು ಕೂಡ ಪೇಪರಿಗೆ ಕೈಚಾಚುತ್ತೆ, ನೋಡಿ. ರಾಜಕೀಯವನ್ನೇ ಪೂರ್ತಿ ಪತ್ರಿಕೆ ಅಂದುಕೊಂಡ ಗಂಡಸರಿಗೆ ಮನೆಯೊಳಗಿನ ಈ ಓದುಗರು ಕಂಡೇ ಇರಲಿಲ್ಲ. ಇದನ್ನು ಹಗುರ ಬರಹ ಅಂತ ತಳ್ಳಿಹಾಕುವವರ ಮಾತು ನಾನು ಒಪ್ಪಲ್ಲ. ಸಾಲ ತೀರಿತು, ಪ್ರಸಾರ ಹಲವು ಪಟ್ಟು ಬೆಳೆಯಿತು.

ಲೆಕ್ಕಪತ್ರ ನೋಡಿಕೊಂಡವರು ಜಾರ್ಜ್ ನಿಕಲ್ಸನ್. 1878ರಲ್ಲಿ ಅವರನ್ನೇ ಮದುವೆಯಾದಳು. 1884ರಲ್ಲಿ ರಾಷ್ಟ್ರೀಯ ಪತ್ರಕರ್ತೆಯರ ಸಂಘದ ಅಧ್ಯಕ್ಷೆ. ಇಷ್ಟರ ನಡುವೆ ಕವಿತೆ ಸತ್ತಿರಲಿಲ್ಲ: 1893ರಲ್ಲಿ ‘ಹಾಗರ್’. ಬೈಬಲ್ಲಿನಲ್ಲಿ ಮಗನ ಸಮೇತ ಮರುಭೂಮಿಗೆ ಅಟ್ಟಿಸಿಕೊಂಡ ದಾಸಿ ತಾನೇ ಮಾತಾಡುವ ದೀರ್ಘ ಪದ್ಯ. ಅವಳ ಬರಹದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದೇ.

ಸಮಯ ಮುಗೀತಾ ಬಂತು, ಇದೊಂದು ಹೇಳಲೇಬೇಕು. 1896ರ ಫೆಬ್ರವರಿಯಲ್ಲಿ ಫ್ಲೂ ಜ್ವರಕ್ಕೆ ಗಂಡ ಹೆಂಡತಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಹೋದರು. ಅಷ್ಟರೊಳಗೆ ಆಕೆ ನೆರೆಮನೆಯ ಒಬ್ಬ ಹೆಣ್ಣುಮಗಳ ಕಥೆಯನ್ನು 3 ಡಾಲರ್ ಕೊಟ್ಟು ಕೊಂಡು, ಅವಳಿಗೆ ಪತ್ರಿಕೆಯಲ್ಲಿ ಕೆಲಸವನ್ನೂ ಕೊಟ್ಟಿದ್ದಳು. ಡೊರೊತಿ ಡಿಕ್ಸ್ ಅನ್ನೋ ಹೆಸರಲ್ಲಿ ಸಂಸಾರದ ಸಲಹೆ ಬರೆದು ಮುಂದೆ ಲೋಕಪ್ರಸಿದ್ಧಳಾದ ಅಂಕಣಗಾರ್ತಿ ಅವಳೇ.