ಒಂದೇ ದುಡಿಮೆ, ಬೇರೆ ಬೇರೆ ವೋಟು: ಆರೋಗ್ಯ ವಿಮೆಯ ಗೆರೆ ಎಲ್ಲಿದೆ?

ಹಾಸನ ಆಕಾಶವಾಣಿ ಕೇಳ್ತಿರೋ ಎಲ್ರಿಗೂ ನಮಸ್ಕಾರ. ಈ ಹೊತ್ತಲ್ಲಿ ಯಾರ್ಯಾರು ಕೇಳ್ತಿರ್ತೀರ ಅಂತ ನನಗೆ ಅಂದಾಜಿದೆ, ಡೈರಿಗೆ ಹಾಲು ಹಾಕಿ ಬಂದು ಒಲೆ ಹಚ್ತಿರೋ ಅಕ್ಕಂದಿರು, ಆಲೂರು ಸಕಲೇಶಪುರ ಮೂಡಿಗೆರೆ ಕಡೆ ತೋಟದ ಲೈನ್ ಮನೇಲಿರೋರು, ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ಬಸ್ಸಲ್ಲಿ ಕೂತು ಮೊಬೈಲಲ್ಲಿ ರೇಡಿಯೋ ಹಾಕ್ಕೊಂಡಿರೋರು, ಸ್ಟ್ಯಾಂಡಲ್ಲಿ ಸರತಿಗೆ ಕಾಯ್ತಿರೋ ಆಟೋ ಅಣ್ಣಂದಿರು. ಇವತ್ತು ನಿಮ್ಮ ಬಗ್ಗೆನೇ ಮಾತಾಡ್ತೀನಿ.

ನಾನು ಕಾಲೇಜಲ್ಲಿ ರಾಜ್ಯಶಾಸ್ತ್ರ ಪಾಠ ಮಾಡ್ದೋಳು. ಎಲ್ಲೇ ಹೋದ್ರೂ ಒಂದು ಪ್ರಶ್ನೆ ಕೇಳ್ತಾರೆ. ಮೇಡಂ, ಕೂಲಿ ಮಾಡೋರು, ಚಿಕ್ಕ ಸಂಬಳದೋರು, ಇವರೆಲ್ಲರ ಕಷ್ಟ ಒಂದೇ ಅಲ್ವಾ, ಕಾಯಿಲೆ ಬಂದ್ರೆ ಎಲ್ರೂ ಸಾಲ ಮಾಡೋರೇ, ಹಂಗಿದ್ಮೇಲೆ ಆಸ್ಪತ್ರೆ ಖರ್ಚು ಸರ್ಕಾರ ನೋಡ್ಕೋಬೇಕು ಅಂತ ಅರ್ಧ ಜನ, ಸರ್ಕಾರದ ಸಹವಾಸನೇ ಬೇಡ ಅಂತ ಅರ್ಧ ಜನ, ಇದು ಹೆಂಗೆ? ಕೇಳಿದ್ಮೇಲೆ ಉತ್ತರನೂ ಅವರೇ ಕೊಡ್ತಾರೆ, ಪಾಪ ಓದಿಲ್ಲ, ತಮಗೆ ಒಳ್ಳೇದು ಯಾವುದು ಅಂತ ಗೊತ್ತಾಗಲ್ಲ ಅಂತ. ಈ ಮಾತು ಕೇಳಿದ್ರೆ ನನಗೆ ಸಿಟ್ಟು ಬರುತ್ತೆ. ಜನಕ್ಕೆ ಚೆನ್ನಾಗೇ ಗೊತ್ತಾಗುತ್ತೆ. ಓದಿದೋರಿಗಿಂತ ಚೆನ್ನಾಗಿ ಗೊತ್ತಾಗುತ್ತೆ, ಯಾಕಂದ್ರೆ ಬಿಲ್ ಕಟ್ಟೋರು ಅವರು.

ನಾನು ಹೇಳೋದು ಒಂದೇ ಮಾತು, ಇವತ್ತು ಅದನ್ನೇ ಎರಡು ಮೂರು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸರ್ಕಾರ ಒಂದು ವಿಮೆ ಯೋಜನೆ ಮಾಡುವಾಗ ಒಂದು ಗೆರೆ ಎಳೆಯುತ್ತೆ, ಇಷ್ಟು ಸಂಬಳದ ಒಳಗಿರೋರಿಗೆ, ಈ ಕಾರ್ಡ್ ಇರೋರಿಗೆ, ಈ ಸಂಘದ ಸದಸ್ಯರಿಗೆ ಅಂತ. ಗೆರೆ ಒಳಗೆ ಇದ್ದೋರು ಸರ್ಕಾರ ಬೇಕು ಅಂತಾರೆ. ಗೆರೆ ಹೊರಗೆ, ಅದೂ ಒಂದೇ ಒಂದು ಹೆಜ್ಜೆ ಹೊರಗೆ ಇದ್ದೋರು, ಸರ್ಕಾರ ನಂಗೇನು ಮಾಡ್ತು ಅಂತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ. ಯಾರಾದ್ರೂ ಈ ವಿಷಯಕ್ಕೆ ಯಾಕೆ ಹಿಂಗೆ ವೋಟು ಹಾಕ್ತಾರೆ ಅಂತ ನಿಮಗೆ ತಿಳೀಬೇಕಾದ್ರೆ ಮೊದಲು ಅವರು ಗೆರೆಯ ಯಾವ ಕಡೆ ನಿಂತಿದಾರೆ ನೋಡಿ. ಜಾತಿ, ಪಕ್ಷ, ಭಾಷಣ ಎಲ್ಲ ಆಮೇಲೆ.

ನಮ್ಮಲ್ಲಿ ಯಾವ ಯಾವ ಗೆರೆ ಇದೆ ಅಂತ ಬೇಗ ಹೇಳಿಬಿಡ್ತೀನಿ. ಎಲ್ಲಕ್ಕಿಂತ ಹಳೇದು ಇಎಸ್‌ಐ, ಅಂದ್ರೆ ಸಂಬಳದ ನೌಕರರಿಗೆ ಇರೋ ರಾಜ್ಯ ವಿಮೆ, ಕಾಯ್ದೆ ಆಗಿದ್ದು 1948ರಲ್ಲಿ, ಶುರುವಾಗಿದ್ದು 1952ರ ಫೆಬ್ರವರೀಲಿ ಕಾನ್ಪುರ ಮತ್ತೆ ದೆಹಲೀಲಿ. ನಿಮ್ಮ ಸಂಬಳದಿಂದ ಶೇಕಡಾ 0.75 ಹಿಡ್ಕೋತಾರೆ, ಮಾಲೀಕರು ಶೇಕಡಾ 3.25 ಹಾಕ್ತಾರೆ. 20,000 ಸಂಬಳ ಅಂದ್ರೆ ನಿಮ್ಮದು 150, ಅವರದು 650. ಇದರ ಗೆರೆ ತಿಂಗಳಿಗೆ 21,000 ರೂಪಾಯಿ, 2017ರಿಂದ ಅಲ್ಲೇ ಇದೆ. ಅಕ್ಕಿ ರೇಟು, ಗ್ಯಾಸ್ ರೇಟು, ಬಾಡಿಗೆ ಎಲ್ಲ ಎಲ್ಲಿಗೆ ಹೋಯ್ತು ನೀವೇ ಲೆಕ್ಕ ಹಾಕಿ, ಆ ಗೆರೆ ಮಾತ್ರ ಅಲ್ಲೇ ಇದೆ. ಎರಡನೇದು ಯಶಸ್ವಿನಿ, ನಮ್ಮ ಕರ್ನಾಟಕದ್ದೇ ಕೂಸು, 2003ರಲ್ಲಿ ಸಹಕಾರ ಸಂಘದ ರೈತರಿಗೆ ಅಂತ ಶುರುವಾಯ್ತು, ಆಗ ತಿಂಗಳಿಗೆ ಬರೀ ಐದು ರೂಪಾಯಿ. ಮಧ್ಯೆ 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಬಂತು. ಅದರ ಗೆರೆ ಸಂಘದ ಸದಸ್ಯತ್ವ. ಮೂರನೇದು ಎಲ್ರಿಗೂ ಗೊತ್ತಿರೋದು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, 2018ರಲ್ಲಿ ರಾಜ್ಯದ್ದೂ ಕೇಂದ್ರದ್ದೂ ಸೇರಿಸಿ ಒಂದು ಮಾಡಿದ್ರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದಲ್ಲಿ ಶೇಕಡಾ 30 ಮಾತ್ರ, ಅದೂ ಒಂದೂವರೆ ಲಕ್ಷದವರೆಗೆ. ಇಲ್ಲಿ ಗೆರೆ ನಿಮ್ಮ ರೇಷನ್ ಕಾರ್ಡು.

ಈಗ ನನ್ನ ಹಳೇ ವಿದ್ಯಾರ್ಥಿ ಮನೆ ಕಥೆ ಹೇಳ್ತೀನಿ, ಈ ಒಂದು ಮನೇಲೇ ನನ್ನ ಇಡೀ ಪಾಠ ಇದೆ. ಬೇಲೂರು ತಾಲೂಕಿನ ಒಂದು ಹಳ್ಳಿ. ಅಣ್ಣ ತಮ್ಮ ಇಬ್ರು, ಅಪ್ಪನ ಕಾಲದ ಮನೆಗೆ ಮಧ್ಯೆ ಗೋಡೆ ಹಾಕ್ಕೊಂಡಿದಾರೆ, ಜಗಲಿ ಮಾತ್ರ ಇಬ್ರದ್ದೂ ಒಂದೇ. ಅಣ್ಣ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗ್ತಾನೆ, ಕೊಯ್ಲು, ಕಸಿ, ಮರಗಸಿ, ಮೆಣಸು ಬಿಡಿಸೋದು, ಯಾವ ಕಾಲಕ್ಕೆ ಯಾವ ಕೆಲಸನೋ ಅದು, ಬಿಪಿಎಲ್ ಕಾರ್ಡು. ತಮ್ಮ ನನ್ನ ಸ್ಟೂಡೆಂಟು, ಬಿಎ ಮಾಡಿ ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾರ್ಮೆಂಟ್ಸಿಗೆ ಸೇರ್ದ, ಕಷ್ಟಪಟ್ಟು ಲೈನ್ ಸೂಪರ್‌ವೈಸರ್ ಆದ, ಬೆಳಗ್ಗೆ ಕತ್ತಲಲ್ಲೇ ಬಸ್ಸು ಹತ್ತೋನು. ಸಂಬಳದ ಮೇಲೆ ಎಪಿಎಲ್ ಆಯ್ತು, ಆದ್ರೆ ಇಎಸ್‌ಐ ಇತ್ತು, ಹಂಗಾಗಿ ಚಿಂತೆ ಇರಲಿಲ್ಲ.

ಮೊದಲು ಅಣ್ಣನಿಗೆ ಆಯ್ತು. ತೋಟದಲ್ಲಿ ಏಣಿ ಮೇಲೆ ನಿಂತಿದ್ದಾಗ ಎದೆ ಹಿಡ್ಕೊಂತು, ಜೊತೇಲಿದ್ದೋರು ಇಳಿಸ್ಕೊಂಡು ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಅಲ್ಲಿಂದ ಹಾಸನ, ಅಲ್ಲಿಂದ 108ರಲ್ಲಿ ಮೈಸೂರು. ಸ್ಟೆಂಟ್ ಹಾಕಿದ್ರು. ಅವನ ಹೆಂಡತಿ ಸೀರೆ ಸೆರಗಲ್ಲಿ ಮೂರೂವರೆ ಸಾವಿರ ಕಟ್ಕೊಂಡು ಹೋಗಿದ್ಲಂತೆ, ಅದಷ್ಟೇ ಮನೇಲಿದ್ದಿದ್ದು. ಆಸ್ಪತ್ರೇಲಿ ಈ ಯೋಜನೆ ಕೆಲಸ ನೋಡ್ಕೊಳ್ಳೋ ಸಿಬ್ಬಂದಿ, ಆರೋಗ್ಯ ಮಿತ್ರ ಅಂತಾರೆ, ಅವನು ಬಿಪಿಎಲ್ ಕಾರ್ಡ್ ನೋಡಿ, ಅಮ್ಮಾ ನೀವು ಕೂತ್ಕೊಳಿ, ದುಡ್ಡಿನ ಮಾತು ಬೇಡ ಅಂದನಂತೆ. ಆ ದುಡ್ಡಲ್ಲಿ ಊಟ, ಬಸ್ ಚಾರ್ಜ್ ಕಳೆದು ಉಳಿದಿದ್ದನ್ನ ವಾಪಸ್ ತಂದ್ಲು. ಆಯಮ್ಮನಿಗೆ ಇವತ್ತು ಯಾರಾದ್ರೂ ಸರ್ಕಾರದ ವಿಮೆ ದಂಡ ಅಂತ ಹೇಳಿದ್ರೆ ಸುಮ್ನೆ ಬಿಡ್ತಾಳಾ? ನನ್ನ ಎದುರಿಗೇ ಹೇಳಿದ್ಲು, ಸರ್ಕಾರ ಇಲ್ದಿದ್ರೆ ನನ್ನ ಯಜಮಾನ್ರು ಇರ್ತಿರಲಿಲ್ಲ ಮೇಡಂ ಅಂತ. ಮುಗೀತು, ಅವಳ ವೋಟು ಎಲ್ಲಿಗೆ ಅಂತ ಹೇಳೋಕೆ ಜ್ಯೋತಿಷ್ಯ ಬೇಕಾಗಿಲ್ಲ.

ಅದೇ ವರ್ಷ ತಮ್ಮನಿಗೆ ಇನ್‌ಕ್ರಿಮೆಂಟ್ ಆಯ್ತು. 20,600 ಇದ್ದಿದ್ದು 21,900 ಆಯ್ತು. ಹುಡುಗ ನನಗೆ ಫೋನ್ ಮಾಡಿ ಖುಷಿಯಾಗಿ ಹೇಳ್ದ, ಮನೆಗೆ ಸ್ವೀಟ್ ತಗೊಂಡು ಹೋದ. 1,300 ರೂಪಾಯಿ ಹೆಚ್ಚಾಯ್ತು, ಆದ್ರೆ ಅದರ ಜೊತೆಗೆ ಅವನು ಗೆರೆ ದಾಟಿದ. ಇಎಸ್‌ಐನಲ್ಲಿ ಹೆಂಗಂದ್ರೆ ಸಂಬಳ ದಾಟಿದ ದಿನವೇ ಕಿತ್ತಾಕಲ್ಲ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಕಾಂಟ್ರಿಬ್ಯೂಷನ್ ಪೀರಿಯಡ್ ಇರುತ್ತೆ, ಅದು ಮುಗಿಯೋವರೆಗೆ ದುಡ್ಡು ಹಿಡೀತಾರೆ, ಅದಕ್ಕೆ ತಕ್ಕ ಬೆನಿಫಿಟ್ ಪೀರಿಯಡ್ ಮುಗಿಯೋವರೆಗೆ ಚಿಕಿತ್ಸೆ ಸಿಗುತ್ತೆ. ಆಮೇಲೆ ನಿಲ್ಲುತ್ತೆ. ಪೇ ಸ್ಲಿಪ್ಪಲ್ಲಿ ಆ ಕಾಲಂ ಖಾಲಿ ಆಗಿದ್ದನ್ನ ಅವನು ನೋಡಿದ್ದ, ಕೈಗೆ ಒಂದು ನೂರೈವತ್ತು ಜಾಸ್ತಿ ಬಂತಲ್ಲ ಅಂತ ಸುಮ್ನಾದ. ಇದರ ಅರ್ಥ ಏನು ಅಂತ ಅವನಿಗೆ ಯಾರೂ ಹೇಳಲಿಲ್ಲ. ಯಾರು ಹೇಳಬೇಕಿತ್ತು? ಸಂಬಳ ಜಾಸ್ತಿ ಮಾಡಿದೋರು ಹೇಳಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಎಲ್ಲ ಅವಧಿ ಮುಗಿದ ಮೇಲೆ ಅವನ ಹೆಂಡತಿಗೆ ಹೊಟ್ಟೆನೋವು, ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು. ಇಎಸ್‌ಐ ಡಿಸ್ಪೆನ್ಸರಿಗೆ ಹೋದ್ರೆ ನಿಮ್ಮದು ಮುಗಿದಿದೆ ಅಂದ್ರು. ಎಪಿಎಲ್‌ಗೂ ಶೇಕಡಾ 30 ಸಿಗುತ್ತೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ, ಗಾಬರೀಲಿ ಹತ್ತಿರದ ಪ್ರೈವೇಟ್ ಆಸ್ಪತ್ರೆಗೆ ಸೇರಿಸ್ದ. ಚೀಟಿ ಎತ್ತಿ, ಹೆಂಡತಿ ಸರ ಅಡ ಇಟ್ಟು ಬಿಲ್ ಕಟ್ದ. ಆಮೇಲೆ ನನ್ನ ಹತ್ರ ಬಂದು ಕೂತು ಹೇಳಿದ್ದು ನನಗಿನ್ನೂ ಕಿವೀಲಿದೆ. ಮೇಡಂ, ವರ್ಷಗಟ್ಟಲೆ ತಿಂಗಳು ತಿಂಗಳು ಹಿಡ್ಕೊಂಡ್ರಲ್ಲ, ಆವಾಗೆಲ್ಲ ನಾವು ಆಸ್ಪತ್ರೆ ಬಾಗಿಲಿಗೂ ಹೋಗಿರಲಿಲ್ಲ, ಬೇಕಾದಾಗ ನೀನು ಸಾವ್ಕಾರ ಆಗಿದೀಯ ಅಂದ್ರು, ನಮ್ಮಣ್ಣ ಒಂದು ಪೈಸೆ ಕಟ್ದೇ ಇದ್ರೂ ಅವನಿಗೆ ಎಲ್ಲ ಆಯ್ತು, ಇಂಥಾ ಸರ್ಕಾರದ ವಿಮೆ ನಂಗೆ ಬೇಡ, ಆ ದುಡ್ಡು ನನ್ನ ಕೈಗೇ ಕೊಟ್ಬಿಡಲಿ ನಾನೇ ನೋಡ್ಕೋತೀನಿ.

ಅವನಿಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚು ಅಂತ ತಿಳ್ಕೋಬೇಡಿ. ಅಣ್ಣನ ಆಂಬುಲೆನ್ಸ್ ಹಿಂದೆ ಬೈಕಲ್ಲಿ ಮೈಸೂರಿಗೆ ಓಡಿದೋನು ಅವನೇ. ಅವನ ಸಿಟ್ಟು ಗೆರೆ ಮೇಲೆ. ಆದ್ರೆ ಟಿವೀಲಿ ಕೂತಿರೋರು ಇವನನ್ನ ನೋಡಿ, ನೋಡಿ ಇವನು ಸರ್ಕಾರಿ ಯೋಜನೆ ವಿರೋಧಿ, ಬಿಟ್ಟಿ ಭಾಗ್ಯ ವಿರೋಧಿ ಅಂತ ಹಣೆಪಟ್ಟಿ ಹಚ್ತಾರೆ. ಅವನು ವಿರೋಧಿ ಅಲ್ಲ ಕಣ್ರಿ, ಅವನು ಹೊರಗೆ ನಿಂತೋನು.

ಈ ಮನೇಲಿ ಮೂರನೇ ವೋಟು ಒಂದಿದೆ, ಅದು ತಮ್ಮನ ಹೆಂಡತೀದು, ಅದೇ ಆಪರೇಷನ್ ಆದೋಳು. ಅವಳು ಎರಡು ಹಸು ಕಟ್ಟಿದಾಳೆ, ಊರಿನ ಹಾಲಿನ ಸಂಘದಲ್ಲಿ ಸದಸ್ಯೆ. ಆಪರೇಷನ್ ಆದ ವರ್ಷ ಯಶಸ್ವಿನಿ ಕಟ್ಟಿರಲಿಲ್ಲ, ಮುಂದಿನ ಸಲ ನೋಂದಣಿ ಶುರುವಾದ ತಕ್ಷಣ ಸಂಘದಲ್ಲಿ 500 ರೂಪಾಯಿ ಕಟ್ಟಿ ಕಾರ್ಡ್ ಮಾಡಿಸಿದ್ಲು, ನಾಲ್ಕು ಜನರ ಹಳ್ಳಿ ಕುಟುಂಬಕ್ಕೆ ಅಷ್ಟೇ. ಈಗ ಅವಳ ವಾದ ಬೇರೆನೇ. ಓರಗಿತ್ತಿ ಹೇಳಿದಂಗೆ ಎಲ್ಲ ಸರ್ಕಾರವೇ ಕೊಡಲಿ ಅಂತಲೂ ಇಲ್ಲ, ಗಂಡ ಹೇಳಿದಂಗೆ ಏನೂ ಬೇಡ ಅಂತಲೂ ಇಲ್ಲ. ನಾವೂ ಕಟ್ತೀವಿ, ಸರ್ಕಾರನೂ ಹಾಕಲಿ, ನಮ್ಮ ಸಂಘದ ಮೂಲಕ ಬರಲಿ, ಆಗ ಕೇಳೋಕೆ ನಮಗೆ ಬಾಯಿರುತ್ತೆ ಅಂತಾಳೆ. ಹಾಲಿಗೆ ಫ್ಯಾಟ್ ಕಮ್ಮಿ ಬರೆದ್ರೆ ಕಾರ್ಯದರ್ಶಿ ಜೊತೆ ಜಗಳ ಆಡಿ ಅಭ್ಯಾಸ ಇರೋ ಹೆಣ್ಣುಮಗಳು, ಅವಳಿಗೆ ದೂರದ ಸರ್ಕಾರಿ ಕಚೇರಿಗಿಂತ ಎದುರಿಗಿರೋ ಸಂಘದ ಮೇಲೆ ಜಾಸ್ತಿ ನಂಬಿಕೆ. ಒಂದು ಜಗಲಿ, ಮೂರು ಅಭಿಪ್ರಾಯ. ಮೂವರೂ ತಮಗೆ ಆಗಿದ್ದರ ಮೇಲೆ ಸರಿಯಾಗೇ ಲೆಕ್ಕ ಹಾಕಿದಾರೆ.

ಗಾಜಿನ ಆಚೆಯಿಂದ ಟೈಮ್ ತೋರಿಸ್ತಿದಾರೆ, ಇನ್ನೂ ಹೇಳೋದು ಬೇಕಾದಷ್ಟಿತ್ತು, ಬೇಗ ಬೇಗ ಹೇಳ್ತೀನಿ.

ಇದು ಬೇಲೂರಿನ ಜಗಲಿ ಕಥೆ ಮಾತ್ರ ಅಲ್ಲ. ಅಮೆರಿಕಾದಲ್ಲಿ ಲಾಸ್ ವೇಗಸ್ ಅಂತ ಊರು, ಅಲ್ಲಿ ಹೋಟೆಲ್ ರೂಮು ಗುಡಿಸೋರು, ಅಡುಗೆ ಮಾಡೋರು, ಸುಮಾರು 60,000 ಜನರ ಒಂದು ಕಾರ್ಮಿಕ ಸಂಘ ಇದೆ. ಅವರು ಸ್ಟ್ರೈಕ್ ಮಾಡಿ ಮಾಡಿ ಮಾಲೀಕರಿಂದ ಒಳ್ಳೇ ಆರೋಗ್ಯ ವಿಮೆ ಗಿಟ್ಟಿಸ್ಕೊಂಡಿದ್ರು. 2020ರಲ್ಲಿ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಆಗೋಕೆ ಹೊರಟಿದ್ದ ಬರ್ನಿ ಸ್ಯಾಂಡರ್ಸ್ ಅನ್ನೋರು ಬಂದು ಇಡೀ ದೇಶಕ್ಕೆ ಒಂದೇ ಸರ್ಕಾರಿ ವಿಮೆ ಮಾಡ್ತೀನಿ ಅಂದಾಗ ಆ ಸಂಘದ ಮುಖಂಡರು ಒಪ್ಪಲಿಲ್ಲ, ನಾವು ಹೋರಾಡಿ ತಗೊಂಡಿದ್ದನ್ನ ಯಾಕೆ ಬಿಡಬೇಕು ಅಂದ್ರು. ಆದ್ರೂ ಅಭ್ಯರ್ಥಿ ಆರಿಸೋಕೆ ಆ ಹೋಟೆಲ್‌ಗಳಲ್ಲೇ ನಡೆದ ಪಕ್ಷದ ಒಳಗಿನ ಮತದಾನದಲ್ಲಿ ಕೆಲಸಗಾರರು ಬಹಳಷ್ಟು ಜನ ಸ್ಯಾಂಡರ್ಸ್ ಕಡೆನೇ ನಿಂತ್ರು. ಒಂದೇ ಸಂಘ! ಇನ್ನೂ ಹಿಂದಕ್ಕೆ ಹೋದ್ರೆ ಅಲ್ಲಿನ ಕಾರ್ಮಿಕ ಒಕ್ಕೂಟದ ಅಧ್ಯಕ್ಷ ಸ್ಯಾಮ್ಯುಯಲ್ ಗಾಂಪರ್ಸ್, ಸ್ವತಃ ಸಿಗಾರ್ ಸುತ್ತೋ ಕೆಲಸದಿಂದ ಮೇಲೆ ಬಂದೋನು, 1916ರ ಸುಮಾರಿಗೆ ಕಡ್ಡಾಯ ಸರ್ಕಾರಿ ವಿಮೇನ ವಿರೋಧ ಮಾಡ್ದ, ಕಾರ್ಮಿಕ ಸರ್ಕಾರದ ಕೈ ಕೆಳಗೆ ಹೋಗಬಾರದು ಅಂತ. ಬ್ರಿಟನ್‌ನಲ್ಲಿ ಉಲ್ಟಾ. ಗಣಿ ಕೆಲಸಗಾರನಾಗಿದ್ದ ಅನ್ಯೂರಿನ್ ಬೆವನ್ ಮಂತ್ರಿಯಾಗಿ 1948ರ ಜುಲೈ 5ಕ್ಕೆ ಎಲ್ರಿಗೂ ಸರ್ಕಾರಿ ವೈದ್ಯಕೀಯ ಸೇವೆ ಶುರು ಮಾಡ್ದ, ಬಡವ ಶ್ರೀಮಂತ ಅಂತ ಗೆರೆನೇ ಎಳೀಲಿಲ್ಲ. ನಮ್ಮ ಇಎಸ್‌ಐ ಕಾಯ್ದೆ ಆಗಿದ್ದೂ ಅದೇ ವರ್ಷ, ನಾವು ಗೆರೆ ಎಳೆದ್ವಿ.

ಇನ್ನೊಂದೇ ಒಂದು. ಅಮೆರಿಕಾದ ಮಿಸೌರಿ ರಾಜ್ಯದಲ್ಲಿ 2020ರ ಆಗಸ್ಟ್‌ನಲ್ಲಿ ಬಡವರ ಸರ್ಕಾರಿ ವಿಮೆ ಗೆರೇನ ಮೇಲಕ್ಕೆ ಏರಿಸಬೇಕಾ ಅಂತ ನೇರ ಜನರನ್ನೇ ಕೇಳಿದ್ರು, ಜನ ಹೌದು ಅಂದ್ರು. ಅದೇ ರಾಜ್ಯ ಮೂರು ತಿಂಗಳಿಗೆ ಆ ಯೋಜನೆ ವಿರೋಧ ಮಾಡ್ತಿದ್ದ ಪಕ್ಷದ ಟ್ರಂಪ್‌ನೇ ಗೆಲ್ಲಿಸ್ತು. ಪಂಡಿತರೆಲ್ಲ ತಲೆ ಕೆಡಿಸ್ಕೊಂಡ್ರು, ನನಗೇನೂ ಆಶ್ಚರ್ಯ ಆಗಲಿಲ್ಲ. ಸರ್ಕಾರ ದೊಡ್ಡದಿರಬೇಕಾ ಚಿಕ್ಕದಿರಬೇಕಾ ಅಂತ ಕೇಳಿದ್ರೆ ಒಂದು ಉತ್ತರ, ಈ ಗೆರೆ ನಿನ್ನ ಮನೆ ಆಚೆಗೆ ಸರಿಸಲಾ ಅಂತ ಕೇಳಿದ್ರೆ ಇನ್ನೊಂದು ಉತ್ತರ.

ನಮ್ಮ ತೋಟಗಳಿಗೆ ಅಸ್ಸಾಂ ಕಡೆಯಿಂದ ಬಂದಿರೋರ ವಿಷಯ ಹೇಳೋಕೆ ಟೈಮೇ ಇಲ್ಲ, ವೋಟು ಒಂದು ಊರಲ್ಲಿ, ದುಡಿಮೆ ಇನ್ನೊಂದು ಊರಲ್ಲಿ, ಅವರ ಪರವಾಗಿ ಇಲ್ಲಿ ಗೆರೆ ಸರಿಸಿ ಅಂತ ಕೇಳೋರೇ ಇಲ್ಲ.

ಕೊನೇಗೆ ಕೆಲಸಕ್ಕೆ ಬರೋ ಮಾತು. ಸಂಬಳ 21,000 ದಾಟೋ ಹಂತದಲ್ಲಿರೋರು ನಿಮ್ಮ ಎಚ್‌ಆರ್ ಹತ್ರ ಹೋಗಿ ಇಎಸ್‌ಐ ಯಾವ ತಿಂಗಳವರೆಗೆ ಇರುತ್ತೆ ಅಂತ ಕೇಳಿ, ನಿಂತ ಮೇಲೆ ಏನು ಅಂತ ಈಗಲೇ ಮನೇಲಿ ಮಾತಾಡಿ. ಹಾಲಿನ ಸಂಘ, ಸೊಸೈಟಿ ಸದಸ್ಯರು ಯಶಸ್ವಿನಿ ನೋಂದಣಿ ಯಾವಾಗ ಅಂತ ಕಾರ್ಯದರ್ಶಿನ ಕೇಳಿ. ಎಪಿಎಲ್ ಕಾರ್ಡಿನೋರು ನಮಗೇನೂ ಇಲ್ಲ ಅಂತ ಸುಮ್ನೆ ಕೂರಬೇಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಆರೋಗ್ಯ ಮಿತ್ರ ಎಲ್ಲಿ ಕೂರ್ತಾರೆ ಅಂತ ಕೇಳಿ, ತುರ್ತು ಅಲ್ದಿದ್ರೆ ರೆಫರ್ ಚೀಟಿ ತಗೊಂಡೇ ಬೇರೆ ಕಡೆ ಹೋಗಿ. ಮತ್ತೆ ವೋಟು ಕೇಳೋಕೆ ಯಾವ ಪಕ್ಷದೋರೇ ಜಗಲಿಗೆ ಬರಲಿ, ವಿಮೆ ಕೊಡ್ತೀವಿ ಅಂದ ತಕ್ಷಣ ಕೈ ಮುಗಿದು ಕಳಿಸಬೇಡಿ, ಕೂರಿಸಿ ಕಾಫಿ ಕೊಟ್ಟು ಕೇಳಿ: ಗೆರೆ ಎಲ್ಲಿ ಎಳೀತೀರ, ನನ್ನ ಸಂಬಳ ಸಾವಿರ ರೂಪಾಯಿ ಜಾಸ್ತಿ ಆದ್ರೆ ನಾನು ಒಳಗಾ ಹೊರಗಾ? ನಮಸ್ಕಾರ.